ಕಳಕಮ್ಮ ಅಕ್ಕೋರ ಯಾಕ ಪುಸ್ತಕ

ಸಿಟ್ಟು ಬಂದರೆ ಲೋಕದವರೆಲ್ಲ ದನಿ ಏರಿಸುತ್ತಾರೆ. ಕಳಕಮ್ಮ ಮರ್ಯಾದೆ ಏರಿಸುತ್ತಾಳೆ. ಆರನೆಯ ತರಗತಿಯ ಹುಡುಗಿಯೊಬ್ಬಳಿಗೆ “ಬರ್ರಿ ರಂಜಿತಾ ಅವರ, ದಯಮಾಡಿ ಕುಂದರ್ರಿ” ಅಂದಳೆಂದರೆ ಇಡೀ ತರಗತಿ ಪಿಟ್ಟೆನ್ನದೆ ಕೂರುತ್ತದೆ. ಕುಷ್ಟಗಿಯಿಂದ ಹದಿನಾರು ಕಿಲೋಮೀಟರ್ ಆಚೆ ಜೋಡಹಳ್ಳ ಎಂಬ ಊರಿದೆ. ಅಲ್ಲಿಯ ಸರ್ಕಾರಿ ಶಾಲೆಯಲ್ಲಿ ಆಕೆ ಇಪ್ಪತ್ತಮೂರು ವರ್ಷದಿಂದ ಪಾಠ ಹೇಳುತ್ತಿದ್ದಾಳೆ. ಆ ಕಡೆ ಶಿಕ್ಷಕಿಯನ್ನು ಅಕ್ಕೋರು ಎನ್ನುವುದು ರೂಢಿ. ಮಕ್ಕಳಿಗೂ ಆ ಮಕ್ಕಳ ತಾಯಂದಿರಿಗೂ ಆಕೆ ಅಕ್ಕೋರೇ. ಹೋದ ಸೆಪ್ಟೆಂಬರಿನಲ್ಲಿ ಕೊಪ್ಪಳದ ಸಭೆಯೊಂದರಲ್ಲಿ ಕಳಕಮ್ಮ ಒಬ್ಬ ಅಧಿಕಾರಿಗೆ ಎಷ್ಟು ಮರ್ಯಾದೆ ಕೊಟ್ಟಳೆಂದರೆ, ಆ ಮನುಷ್ಯ ಎರಡು ಸಲ ನೀರು ಕುಡಿಯಬೇಕಾಯಿತು.

ಶುರುವಾದದ್ದು ಒಂದು ಆದೇಶದಿಂದ. ಶಿಕ್ಷಕರ ತರಬೇತಿಗೆಂದು ಆನ್‌ಲೈನಿನಲ್ಲಿರುವ ಹನ್ನೆರಡು ಸಂಪನ್ಮೂಲಗಳನ್ನು, ಅಂದರೆ ವಿಡಿಯೋ, ವೆಬ್‌ಸೈಟು, ಪಿಡಿಎಫ್ ಮೊದಲಾದವನ್ನು, ನೋಡಿ ಮೌಲ್ಯಮಾಪನ ಮಾಡಲು ಮೂವರು ಶಿಕ್ಷಕರ ಸಮಿತಿ ಮಾಡಿದ್ದರು. ಯಲಬುರ್ಗಾದಿಂದ ಕಲ್ಲೇಶ, ಗಂಗಾವತಿಯಿಂದ ಉಜ್ಮಾ, ಕುಷ್ಟಗಿಯಿಂದ ಕಳಕಮ್ಮ. ಕೊಪ್ಪಳದಲ್ಲಿ ಕೂತ ಕರಿಬಸಪ್ಪ ಇವರ ಮೇಲಿನ ಸಂಯೋಜಕ. ಮೂವರೂ ಸಹಿ ಮಾಡಿ ಒಪ್ಪಿದ್ದನ್ನು ಜಿಲ್ಲೆಯ ಶಿಕ್ಷಕರೆಲ್ಲ ಕಡ್ಡಾಯವಾಗಿ ನೋಡಬೇಕು. ವಿಷಯದ ಹೆಸರು ‘ಪರಿವರ್ತನಾತ್ಮಕ ಕಲಿಕೆ ಮತ್ತು ವಿಮರ್ಶಾತ್ಮಕ ಬೋಧನೆ’.

ಹೆಸರು ಕೇಳಿ ಹೆದರಬೇಕಾಗಿಲ್ಲ. ಕಲಿತವರು ಲೋಕವನ್ನು ನೋಡುವ ಬಗೆಯೇ ಬದಲಾದರೆ ಅದು ಮೊದಲನೆಯದು. ‘ಇದು ಹೀಗ್ಯಾಕಿದೆ, ಇದರಿಂದ ಯಾರಿಗೆ ಲಾಭ’ ಎಂದು ಕೇಳಲು ತರಗತಿಯಲ್ಲಿ ಮಗುವಿಗೆ ಜಾಗವಿದ್ದರೆ ಅದು ಎರಡನೆಯದು. ಕಳಕಮ್ಮ ಆದೇಶವನ್ನು ಎರಡು ಸಲ ಓದಿದಳು. “ಅಲ್ಲಾ, ನಮ್ಮ ಮಾರೆವ್ವ ಮಾಡಿದ್ದಕ್ಕ ಇಷ್ಟು ದೊಡ್ಡ ಹೆಸರು ಐತೇನು?” ಅಂದಳು.

ಮಾರೆವ್ವ ಏನು ಮಾಡಿದಳೆಂದು ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಹತ್ತೊಂಬತ್ತು ವರ್ಷದ ಹಿಂದಿನ ಮಾತು. ಆಗ ಕಳಕಮ್ಮನ ಕೈಯಲ್ಲಿ ಬಡಿಗೆ ಇರುತ್ತಿತ್ತು. ಜೋಡಹಳ್ಳದ ಸುತ್ತ ಹತ್ತಿಯ ಬೀಜ ಬೆಳೆಯುವ ಹೊಲಗಳಿವೆ, ಜನ ಪ್ಲಾಟ್ ಎನ್ನುತ್ತಾರೆ. ಅಲ್ಲಿ ಮಧ್ಯಾಹ್ನದ ಮೇಲೆ ಮೊಗ್ಗನ್ನು ಉಗುರಿನಿಂದ ಬಿಡಿಸಿ ಒಳಗಿನ ಗಂಡು ಭಾಗ ಕೀಳಬೇಕು, ಮರುದಿನ ಬೆಳಿಗ್ಗೆ ಬೇರೆ ಗಿಡದ ಹೂವು ತಂದು ಅದಕ್ಕೆ ಸವರಬೇಕು. ಈ ಕೆಲಸಕ್ಕೆ ಕ್ರಾಸಿಂಗ್ ಎನ್ನುತ್ತಾರೆ. ಸಣ್ಣ ಬೆರಳಿಗೆ ಮೊಗ್ಗು ಮುರಿಯುವುದಿಲ್ಲ ಎಂದು ಹುಡುಗಿಯರನ್ನೇ ಕರೆಯುತ್ತಿದ್ದರು. ಐದನೆಯ ತರಗತಿಯ ಮಾರೆವ್ವ ಇಪ್ಪತ್ತೊಂದು ದಿನ ಶಾಲೆ ತಪ್ಪಿಸಿ ಬಂದಳು. ಕಳಕಮ್ಮ ಕೈ ಚಾಚಿಸಿ ಎರಡು ಏಟು ಹಾಕಿದಳು. ಮೂರನೆಯದಕ್ಕೆ ಬಡಿಗೆ ಎತ್ತಿದಾಗ ಹುಡುಗಿಯ ಹೆಬ್ಬೆರಳು ಕಂಡಿತು. ಉಗುರಿನ ಸುತ್ತ ಬಾತಿತ್ತು, ಹೂವಿನ ರಸಕ್ಕೆ ಕಪ್ಪಾಗಿತ್ತು. ಹುಡುಗಿ ಅಳುತ್ತಿರಲಿಲ್ಲ.

“ಅಕ್ಕೋರ, ಬರಲಿಲ್ಲ ಅಂತ ಹೊಡದ್ರಿ. ಯಾಕ ಬರಲಿಲ್ಲ ಅಂತ ಕೇಳವಲ್ರಿ” ಅಂದಳು.

ಆ ದಿನ ಕಳಕಮ್ಮನಿಗೆ ಊಟ ಸೇರಲಿಲ್ಲ ಎಂದು ಬರೆದರೆ ಸುಳ್ಳಾದೀತು. ಊಟ ಮಾಡಿದಳು, ಆದರೆ ಗಂಡನ ಮೇಲೆ ವಿನಾಕಾರಣ ರೇಗಿದಳು. ಮರುದಿನ ಇನ್ನೂರು ಹಾಳೆಯ ಪುಸ್ತಕ ತಂದು, ದಾರ ಕಟ್ಟಿ, ಹಲಗೆಯ ಪಕ್ಕದ ಮೊಳೆಗೆ ತೂಗುಹಾಕಿದಳು. ಶಾಲೆ ತಪ್ಪಿಸಿದವರು ಯಾಕೆ ಬರಲಿಲ್ಲವೆಂದು ಅದರಲ್ಲಿ ತಮ್ಮ ಕೈಯಾರೆ ಬರೆಯಬೇಕು. ಏನು ಬರೆದರೂ ಹೊಡೆತವಿಲ್ಲ, ಬೈಗುಳವಿಲ್ಲ. ಶನಿವಾರ ಎಲ್ಲರೂ ಸುತ್ತ ಕೂತು ಆ ವಾರದ್ದನ್ನು ಓದಿ ಮಾತಾಡಬೇಕು. ಅಕ್ಕೋರು ತಪ್ಪಿಸಿದರೆ ಅಕ್ಕೋರೂ ಬರೆಯಬೇಕು. ಮಕ್ಕಳು ಅದಕ್ಕೆ ಯಾಕ ಪುಸ್ತಕ ಎಂದು ಹೆಸರಿಟ್ಟರು. ಅದರ ಮೊದಲ ಪುಟ ಮಾರೆವ್ವನದು: ‘ಕ್ರಾಸಿಂಗಿಗೆ ಹೋಗಿದ್ದೆ. ನನ್ನ ಬೆರಳು ಸಣ್ಣವು ಅಂತ ಕರದರು. ದೊಡ್ಡಾಕಿ ಆದ ಮ್ಯಾಲೆ ಕರಿಯೂದಿಲ್ಲಂತ. ಆವಾಗ ನಾ ಎಲ್ಲಿಗೆ ಹೋಗಬೇಕು?’

ಈಗ ಏಳನೆಯ ಪುಸ್ತಕ ನಡೆದಿದೆ. ಮಾರೆವ್ವ ಏಳನೆಯ ತರಗತಿಗೆ ಶಾಲೆ ಬಿಟ್ಟಳು, ಅದೇ ಊರಿಗೆ ಸೊಸೆಯಾದಳು, ಶಾಲೆಯ ಮೇಲುಸ್ತುವಾರಿ ಸಮಿತಿಗೂ ಬಂದಳು. ನಾಲ್ಕು ವರ್ಷದ ಹಿಂದೆ ಒಂದು ಪ್ಲಾಟಿನವರು ಮತ್ತೆ ಹುಡುಗಿಯರನ್ನು ಕರೆದೊಯ್ದಾಗ, ಯಾಕ ಪುಸ್ತಕ ಹಿಡಿದು ಬದುವಿನ ಮೇಲೆ ಕೂತು, ಅದರಲ್ಲಿದ್ದದ್ದನ್ನು ಎಲ್ಲರಿಗೂ ಕೇಳುವಂತೆ ಓದಿ, ಒಂಬತ್ತು ಹುಡುಗಿಯರನ್ನು ವಾಪಸ್ಸು ಕರೆತಂದವಳು ಅವಳೇ. ಅವಳ ಮಗಳೇ ಆರನೆಯ ತರಗತಿಯ ರಂಜಿತಾ. ಈ ಹುಡುಗಿ ಒಂದು ದಿನವೂ ಕ್ರಾಸಿಂಗಿಗೆ ಹೋದವಳಲ್ಲ.

ಇನ್ನು ಮೌಲ್ಯಮಾಪನಕ್ಕೆ ಬರೋಣ. ಆನ್‌ಲೈನ್ ತರಬೇತಿ ನಮ್ಮಲ್ಲಿ ಹೇಗೆ ನಡೆಯುತ್ತದೆಂದು ಎಲ್ಲರಿಗೂ ಗೊತ್ತು, ಗೊತ್ತಿಲ್ಲದವರಂತೆ ಇರುವುದೂ ಎಲ್ಲರಿಗೂ ಗೊತ್ತು. ಮೊಬೈಲನ್ನು ಬೇಳೆ ಡಬ್ಬಿಗೆ ಆನಿಸಿಟ್ಟು, ದನಿ ಮುಚ್ಚಿ, ವಿಡಿಯೋ ಓಡಲು ಬಿಟ್ಟು, ರೊಟ್ಟಿ ಬಡಿಯುವುದು. ಕೊನೆಯ ಪ್ರಶ್ನೆಗಳ ಉತ್ತರ ಅಷ್ಟೊತ್ತಿಗೆ ವಾಟ್ಸಾಪ್ ಗುಂಪಿಗೆ ಬಂದಿರುತ್ತದೆ: ಒಂದು ಬಿ, ಎರಡು ಡಿ, ಮೂರು ಎ. ಪ್ರಮಾಣಪತ್ರ ಬಂದ ಕೂಡಲೇ ಸ್ಟೇಟಸ್ಸಿಗೆ ಹಾಕುವುದು. ಕಲ್ಲೇಶನಂತೂ ಹನ್ನೆರಡಕ್ಕೂ ಐದೈದು ನಕ್ಷತ್ರ ಒತ್ತಿ ಅರ್ಧ ತಾಸಿನಲ್ಲಿ ಕೈ ತೊಳೆದುಕೊಂಡು ಫೋನು ಮಾಡಿದ.

“ಮೇಡಂ, ನಿಮ್ಮದೂ ನಾನ ಒತ್ತಿಬಿಡ್ಲೇನ್ರಿ? ಓಟಿಪಿ ಹೇಳ್ರಿ ಸಾಕು.”

“ಬ್ಯಾಡಪಾ. ನಾ ನೋಡಿ ಒತ್ತತೀನಿ.”

“ಹನ್ನೆರಡೂ ನೋಡ್ತೀರಾ?” ಕಲ್ಲೇಶನಿಗೆ ನಿಜಕ್ಕೂ ಆಶ್ಚರ್ಯವಾಗಿತ್ತು.

ಫಾರ್ಮಿನಲ್ಲಿ ಕೇಳಿದ್ದು ಚಿತ್ರದ ಗುಣಮಟ್ಟ, ದನಿಯ ಸ್ಪಷ್ಟತೆ, ಅವಧಿ. ಬಟ್ಟೆ ಅಂಗಡಿಯಲ್ಲಿ ಸೀರೆಯ ಡಬ್ಬಿಗೆ ಅಂಕ ಕೊಟ್ಟು ಸೀರೆ ಬಿಚ್ಚದೆ ಬಂದಂತಾಯಿತು ಎಂದುಕೊಂಡ ಕಳಕಮ್ಮ ಒಂದು ಚೀಟಿಯಲ್ಲಿ ತನ್ನದೇ ಮೂರು ಪ್ರಶ್ನೆ ಬರೆದಳು. ಇದರೊಳಗೆ ಮಾತಾಡುವವರು ಯಾರು? ಯಾರ ಬಗ್ಗೆ ಮಾತಾಡುತ್ತಾರೆ? ಅವರನ್ನು ಕೇಳಿದ್ದಾರೇನು? ಸಂಜೆ ಶಾಲೆ ಬಿಟ್ಟ ಮೇಲೆ ದಿನಕ್ಕೆ ಎರಡರಂತೆ ನೋಡಲು ಕೂತಳು. ರಂಜಿತಾ ಮತ್ತು ಅವಳ ಗೆಳತಿಯರು ಮನೆಗೆ ಹೋಗದೆ ಪಕ್ಕದಲ್ಲೇ ಕೂತರು.

ಒಂದು ವಿಡಿಯೋದ ಹೆಸರು ‘ಮಗುವಿನ ದನಿಗೆ ಕಿವಿಗೊಡಿ’. ನಲವತ್ತು ನಿಮಿಷದಲ್ಲಿ ಒಂದು ಮಗುವೂ ಬಾಯಿ ತೆರೆಯಲಿಲ್ಲ. ಒಂದು ವೆಬ್‌ಸೈಟು ಪ್ರಶ್ನೆ ಕೇಳುವುದರ ಹಿರಿಮೆಯನ್ನು ಪುಟಗಟ್ಟಲೆ ಹೇಳಿ, ಕೊನೆಗೆ ‘ಒಂದಕ್ಕಿಂತ ಹೆಚ್ಚು ಸರಿಯುತ್ತರ ಇರುವ ಪ್ರಶ್ನೆಯ ಮಹತ್ವವೇನು’ ಎಂದು ಕೇಳಿ ನಾಲ್ಕು ಉತ್ತರ ಕೊಟ್ಟಿತ್ತು. ಅದರಲ್ಲಿ ಒಂದೇ ಸರಿ. ಕಳಕಮ್ಮ ಉಳಿದ ಮೂರನ್ನೂ ಬೇಕೆಂದೇ ಒತ್ತಿದಳು, ಮೂರು ಸಲವೂ ಕೆಂಪು ಗುರುತು ಬಂತು. ಇನ್ನೊಂದು ಪಿಡಿಎಫ್ ಇಂಗ್ಲಿಷಿನಿಂದ ಯಂತ್ರಕ್ಕೆ ಹಾಕಿ ತೆಗೆದದ್ದು, ಬರೆದವರಿಗೂ ಅದು ಅರ್ಥವಾಗಿರಲಿಕ್ಕಿಲ್ಲ. ಆಕೆಗೆ ಹಿಡಿಸಿದ್ದು ಒಂದೇ ಒಂದು. ಆನೆಗೊಂದಿಯ ಕಡೆಯ ಒಬ್ಬ ಮಾಸ್ತರು ಬಾಳೆತೋಟದ ಪಕ್ಕ ನಿಂತು ಅಲ್ಲಾಡುವ ಮೊಬೈಲಿನಲ್ಲಿ ತೆಗೆದದ್ದು. ಹುಡುಗಿಯೊಬ್ಬಳು ಏನೋ ಕೇಳುತ್ತಾಳೆ. ಆತ “ಇದು ನನಗ ಗೊತ್ತಿಲ್ಲವ್ವಾ, ನಡಿ, ನಿಮ್ಮಪ್ಪನ್ನ ಕೇಳೋಣು” ಎಂದು ಅವಳ ಹಿಂದೆ ತೋಟದೊಳಗೆ ಹೋಗುತ್ತಾನೆ. ಅದಕ್ಕೆ ಕಳಕಮ್ಮ ಚಿತ್ರದ ಗುಣಮಟ್ಟದಲ್ಲಿ ಒಂದು ನಕ್ಷತ್ರ, ಉಳಿದದ್ದರಲ್ಲೆಲ್ಲ ಐದು ಕೊಟ್ಟಳು.

ಏಳನೆಯದು ಬೆಳಗುದಾರಿ ಎಂಬ ಸಂಸ್ಥೆಯ ವಿಡಿಯೋ. ಕೊಳಲಿನ ಸಂಗೀತ, ಆಕಾಶದಿಂದ ತೆಗೆದ ಹೊಲಗಳು, ಇಂಪಾದ ಹೆಣ್ಣುದನಿ. ಒಂದು ನೀಲಿ ಗೋಡೆ ಬಂತು. “ಅಕ್ಕೋರ, ನಮ್ಮ ಸಾಲಿ!” ಎಂದು ಹುಡುಗಿಯರು ಕುಣಿದರು. ಗೋಡೆಯ ಮೊಳೆಗೆ ತೂಗುವ ಪುಸ್ತಕ ಬಂತು. ‘ಇದು ನಮ್ಮ ತಜ್ಞರ ತಂಡ ರೂಪಿಸಿದ ಗೈರುಹಾಜರಿ ಚಿಂತನ ಪುಸ್ತಿಕೆ’ ಎಂದಿತು ದನಿ. ಕಳಕಮ್ಮ ಕನ್ನಡಕ ತೆಗೆದು ಒರೆಸಿ ಹಾಕಿಕೊಂಡಳು. ಮೊದಲ ಪುಟ ತೆರೆಯಿತು. ಅದೇ ಸೊಟ್ಟ ಅಕ್ಷರ, ಕೆಳಗಿನ ಹೆಸರು ಮಾತ್ರ ಮಾಯ. ದನಿ ಮೊದಲ ಮೂರು ಸಾಲು ಓದಿ ‘ಆವಾಗ ನಾ ಎಲ್ಲಿಗೆ ಹೋಗಬೇಕು’ ಎಂಬುದನ್ನು ಬಿಟ್ಟುಬಿಟ್ಟಿತು. ಆಮೇಲೆ, ತಲೆಯ ಮೇಲೆ ಮೇವಿನ ಹೊರೆ ಹೊತ್ತ ಹೆಂಗಸೊಬ್ಬಳು ಶಾಲೆಯ ಮುಂದೆ ನಗುತ್ತ ನಿಂತಳು.

“ನಮ್ಮವ್ವ!” ಅಂದಳು ರಂಜಿತಾ.

‘ಶಿಕ್ಷಣದ ಮಹತ್ವ ಅರಿಯದ ಇಂಥ ಪಾಲಕರೇ ಮಕ್ಕಳ ಕಲಿಕೆಗೆ ಮೊದಲ ಅಡ್ಡಿ’ ಎಂದಿತು ದನಿ. ಚಿತ್ರ ಮಾರೆವ್ವನ ನಗುವ ಮುಖದ ಮೇಲೆ ನಿಂತಿತು.

ರಂಜಿತಾ ಫೋನಿನಿಂದ ಕಣ್ಣು ತೆಗೆಯದೆ, “ಅಕ್ಕೋರ, ನಮ್ಮವ್ವಗ ಹಂಗ್ಯಾಕ ಅಂದ್ರು?” ಎಂದು ಕೇಳಿದಳು. ಹತ್ತೊಂಬತ್ತು ವರ್ಷ ಯಾಕೆ ಎಂದು ಕೇಳಲು ಕಲಿಸಿದ ಕಳಕಮ್ಮ ಫೋನನ್ನು ಮಗುಚಿ ಇಟ್ಟಳು. ಒಂದಿಷ್ಟು ಉತ್ತರ ಆಕೆಗೆ ಗೊತ್ತಿತ್ತು, ಅದು ಆಕೆಯನ್ನೇ ಚುಚ್ಚುತ್ತಿತ್ತು.

ಎರಡು ವರ್ಷದ ಹಿಂದೆ ಬೆಳಗುದಾರಿಯ ಇಬ್ಬರು ಕಾರಿನಲ್ಲಿ ಬಂದಿದ್ದರು. ನಮ್ಮ ಭಾಗದ ಮಂದಿಗೆ ಒಂದು ರೋಗವಿದೆ. ಕಾರಿನಲ್ಲಿ ಬಂದವರು ಏನು ಕೇಳಿದರೂ ಕೊಡುವುದು, ಯಾಕೆಂದು ಕೇಳಿದರೆ ಬಂದವರಿಗೆ ಅವಮಾನ ಎಂದುಕೊಳ್ಳುವುದು. ಕಳಕಮ್ಮ ಮಂಡಕ್ಕಿ ಒಗ್ಗರಣಿ, ಮಿರ್ಚಿ ಭಜಿ ತರಿಸಿದಳು, ಚಹಾ ಮಾಡಿಸಿದಳು. ಯಾಕ ಪುಸ್ತಕವನ್ನು ಮೊದಲನೆಯದರಿಂದ ಹಿಡಿದು ಹೆಮ್ಮೆಯಿಂದ ಬಿಚ್ಚಿ ತೋರಿಸಿದಳು. ಹೊಲದಿಂದ ಮೇವು ಹೊತ್ತು ಬರುತ್ತಿದ್ದ ಮಾರೆವ್ವನನ್ನು ಕಂಡು, “ಬಾ ಇಲ್ಲೆ, ನಿಂದ್ರು, ಒಂದು ಫೋಟೋ” ಎಂದು ತಾನೇ ಕರೆದಳು. ಯಾತಕ್ಕೆ ಫೋಟೋ ಎಂದು ತಾನು ಕೇಳಲಿಲ್ಲ, ಮಾರೆವ್ವನಿಗೂ ಕೇಳಲು ಬಿಡಲಿಲ್ಲ.

ಕಳಕಮ್ಮ ಅಲ್ಲೇ ಕೂತು ಫಾರ್ಮು ತೆರೆದಳು. ಏಳನೆಯದಕ್ಕೆ ಸೊನ್ನೆ ಕೊಡಬೇಕೆಂದರೆ ಅದರಲ್ಲಿ ಸೊನ್ನೆಯೇ ಇಲ್ಲ. ಒಂದು ನಕ್ಷತ್ರವಾದರೂ ಒತ್ತದೆ ಮುಂದಕ್ಕೆ ಬಿಡುವುದಿಲ್ಲ. ಅಭಿಪ್ರಾಯದ ಖಾನೆಯಲ್ಲಿ ‘ಈ ಪುಸ್ತಕ ತಜ್ಞರದಲ್ಲ, ಮಾರೆವ್ವನದು, ಅವಳನ್ನು’ ಎಂದು ಬರೆಯುವಷ್ಟರಲ್ಲಿ ಐವತ್ತು ಅಕ್ಷರ ತುಂಬಿತೆಂದು ನಿಂತುಹೋಯಿತು. ವಿಮರ್ಶೆ ಕಲಿಸುವವರು ವಿಮರ್ಶೆಗೆ ಕೊಟ್ಟ ಜಾಗ ಅಷ್ಟು! ಕಳಕಮ್ಮ ಫಾರ್ಮು ಮುಚ್ಚಿ ನೇರ ಮಾರೆವ್ವನ ಮನೆಗೆ ನಡೆದಳು.

ಮಾರೆವ್ವ ಅಂಗಳದಲ್ಲಿ ಎಮ್ಮೆಗೆ ಮೇವು ಹಾಕುತ್ತಿದ್ದಳು. ಕೈ ಒರೆಸಿಕೊಂಡು ವಿಡಿಯೋವನ್ನು ಕೊನೆಯವರೆಗೆ ನೋಡಿದಳು, ಇನ್ನೊಂದು ಸಲ ಹಾಕಿಸಿಕೊಂಡು ನೋಡಿದಳು.

“ನಿಂದ್ರು ಅಂದಾಕಿ ನಾನ, ಮಾರೆವ್ವಾ” ಅಂದಳು ಕಳಕಮ್ಮ. “ತಪ್ಪು ನಂದು.”

“ನೀವು ಅಂದ್ರಿ ಅಂತನ ನಿಂತೆ. ಅದಕ್ಕ ನಕ್ಕೀನಿ ನೋಡ್ರಿ ಅಷ್ಟು.” ಮಾರೆವ್ವ ಫೋನು ವಾಪಸ್ಸು ಕೊಟ್ಟಳು. “ಇದನ್ನ ಎಲ್ಲಾ ಸಾಲಿ ಮಾಸ್ತರು ನೋಡ್ತಾರೇನ್ರಿ?”

“ನಾವು ಮೂರೂ ಮಂದಿ ಸಹಿ ಮಾಡಿದ್ರ ನೋಡ್ತಾರ.”

“ನೀವು ಮಾಡ್ತೀರೇನು?”

“ಸತ್ರೂ ಮಾಡೂದಿಲ್ಲ.”

“ಹಂಗಾದ್ರ ನಾನೂ ಬರ್ತೀನಿ. ನನ್ನ ಮಾತು ಆಡೂ ಸಭಾಕ್ಕ ನಾ ಇಲ್ಲದಿದ್ರ ಹೆಂಗ?”

ಸಭೆಯ ದಿನ ಇಬ್ಬರೂ ಕುಷ್ಟಗಿಯಿಂದ ಬಸ್ಸು ಹಿಡಿದು ಕೊಪ್ಪಳಕ್ಕೆ ಹೋದರು. ಕಳಕಮ್ಮನ ಚೀಲದಲ್ಲಿ ಮೊದಲನೆಯ ಮತ್ತು ಏಳನೆಯ ಯಾಕ ಪುಸ್ತಕಗಳಿದ್ದವು. ಕರಿಬಸಪ್ಪ ಕೆಟ್ಟ ಮನುಷ್ಯನೇನಲ್ಲ. ದಿನಕ್ಕೆ ಹತ್ತು ವರದಿ ಮೇಲೆ ಕಳಿಸಬೇಕಾದ ಮನುಷ್ಯ, ಅಷ್ಟೆ. ಆದರೆ ಊರಿನ ಹೆಣ್ಣುಮಗಳೊಬ್ಬಳ ಮಾನವನ್ನು ಇಂಥ ದಣಿದ ಮನುಷ್ಯರೇ ನೋಡದೆ ಸಹಿ ಹಾಕಿ ಕಳೆಯುತ್ತಾರೆ. ಮೇಜಿನ ಮೇಲೆ ಶಿಫಾರಸು ಪತ್ರ ಸಿದ್ಧವಾಗಿತ್ತು. ಬೆಳಗುದಾರಿ ಮೊದಲ ಸ್ಥಾನದಲ್ಲಿತ್ತು.

“ಬರ್ರಿ ಮೇಡಂ, ಇಲ್ಲೊಂದು ಸಹಿ ಹಾಕ್ರಿ. ಸೋಮವಾರ ಬಿಡುಗಡಿ, ಬ್ಯಾನರ್ ಆಗೇತಿ” ಅಂದ ಕರಿಬಸಪ್ಪ. ಮಾರೆವ್ವನನ್ನು ನೋಡಿ, “ಇವರ್ಯಾರ್ರಿ? ಹೊರಗ ಕುಂದ್ರಸ್ರಿ, ಸಭಾ ನಡದೇತಿ” ಅಂದ.

ಕಳಕಮ್ಮ ಕೈ ಮುಗಿದಳು. ಜೋಡಹಳ್ಳದ ಮಕ್ಕಳು ಅಲ್ಲಿದ್ದರೆ ಮೇಜಿನ ಕೆಳಗೆ ಸೇರುತ್ತಿದ್ದರು. “ಮಾನ್ಯರ, ತಾವು ಏಳನೇ ವಿಡಿಯೋ ನೋಡೀರೇನ್ರಿ?”

“ನೋಡೀನ್ರಿ. ಭಾಳ ಛಲೋ ಐತಿ.”

“ಕಲ್ಲೇಶ ಅವರ, ತಾವೂ ನೋಡೀರಿ?”

“ಹೌದ್ರಿ ಮೇಡಂ. ಐದು ಕೊಟ್ಟೀನಿ.”

“ಹಂಗಾದ್ರ ಇವರು ಯಾರು ಅಂತ ತಾವಿಬ್ಬರೂ ನನಗ ಹೇಳಬೇಕಲ್ರಿ. ಅದರಾಗ ಇವರ ಮಾರಿ ಹನ್ನೊಂದು ಸೆಕೆಂಡು ನಿಂತೈತಿ. ತಾವು ನೋಡಿದವರು, ಗುರ್ತು ಹಿಡೀರಿ.”

ಕರಿಬಸಪ್ಪ ಮೊದಲ ಸಲ ನೀರು ಕುಡಿದದ್ದು ಆಗ. ಕಳಕಮ್ಮ ಫೋನನ್ನು ಮೇಜಿನ ಮೇಲೆ ನಿಲ್ಲಿಸಿ ವಿಡಿಯೋ ಹಾಕಿದಳು. ‘ಶಿಕ್ಷಣದ ಮಹತ್ವ ಅರಿಯದ’ ಎಂಬ ಮಾತು ಬಂದಾಗ ಫೋನಿನಲ್ಲಿ ಮಾರೆವ್ವ ನಗುತ್ತಿದ್ದಳು, ಮೇಜಿನ ಈಚೆಗೆ ಅದೇ ಮಾರೆವ್ವ ನಗದೆ ನಿಂತಿದ್ದಳು. ಕಳಕಮ್ಮ ಮೊದಲ ಪುಸ್ತಕ ತೆಗೆದು ಮೊದಲ ಪುಟದ ಹೆಸರು ತೋರಿಸಿದಳು. ಬಿಟ್ಟುಹೋದ ಸಾಲನ್ನು ಮಾರೆವ್ವನೇ ಓದಿದಳು.

“ಒಂಬತ್ತು ಹುಡುಗ್ಯಾರನ್ನ ಪ್ಲಾಟಿಂದ ತಂದಾಕಿಗೆ ಅರಿವಿಲ್ಲ ಅಂತೀರಿ” ಅಂದಳು ಕಳಕಮ್ಮ. “ಇವಳ ಪ್ರಶ್ನೆ ಕದ್ದು, ಇವಳ ಹೆಸರು ಅಳಿಸಿ, ಇವಳಿಗೇ ಬುದ್ಧಿ ಹೇಳ್ತೀರಿ. ಇದಕ್ಕ ಬೋಧನೆ ಅಂತೀರಿ. ಮೂವತ್ತು ನಿಮಿಷದ ವಿಡಿಯೋ ನೋಡಾಕ ಪುರಸೊತ್ತಿಲ್ಲದ ನಾವು ಎಲ್ಲಾ ಮಾಸ್ತರಿಗೆ ನೋಡ್ರಿ ಅಂತ ಹುಕುಂ ಮಾಡಾಕ ಹೊಂಟೀವಿ!”

“ನಿಮ್ಮ ಅಭಿಪ್ರಾಯ ಫಾರ್ಮಿನಾಗ ಹಾಕ್ರಿ ಮೇಡಂ, ದಾಖಲಾಗ್ತೈತಿ” ಅಂದ ಕರಿಬಸಪ್ಪ.

“ಐವತ್ತು ಅಕ್ಷರದಾಗ ನನ್ನ ಸಿಟ್ಟು ಹಿಡಿಸೂದಿಲ್ರಿ ಮಾನ್ಯರ.”

ಏಳನೆಯ ಪುಸ್ತಕದ ಖಾಲಿ ಪುಟ ತೆರೆದು ಮೊದಲು ತಾನೇ ಬರೆದಳು: ‘ಮಾರೆವ್ವನನ್ನು ಕೇಳದೆ ಫೋಟೋಕ್ಕೆ ನಿಲ್ಲಿಸಿದೆ. ಯಾಕೆಂದರೆ ದೊಡ್ಡವರು ಬಂದಿದ್ದಾರೆ ಎಂದು ಉಬ್ಬಿಹೋಗಿದ್ದೆ. ಕಳಕಮ್ಮ.’ ಪುಸ್ತಕವನ್ನು ಕಲ್ಲೇಶನ ಮುಂದೆ ಸರಿಸಿದಳು. ಅವನ ಕಿವಿ ಕೆಂಪಾಗಿತ್ತು. ಪೆನ್ನು ತೆಗೆದು, ‘ವಿಡಿಯೋ ನೋಡಲಿಲ್ಲ. ಯಾಕಂದರೆ ನೋಡದಿದ್ದರೂ ನಡೆಯುತ್ತಿತ್ತು’ ಎಂದು ಬರೆದ. ಉಜ್ಮಾ ಪುಸ್ತಕವನ್ನು ತನ್ನ ಕಡೆಗೆ ಎಳೆದುಕೊಂಡಳು. “ನಾ ನಾಲ್ಕ ನೋಡೀನ್ರಿ. ಏಳನೇದು ಅದರಾಗ ಇಲ್ಲ” ಅಂದು, ಹಾಗೆಯೇ ಬರೆದು, ಶಿಫಾರಸು ಪತ್ರದಲ್ಲಿ ಅದಾಗಲೇ ಹಾಕಿದ್ದ ತನ್ನ ಸಹಿಯನ್ನು ಹೊಡೆದುಹಾಕಿದಳು. ಕಲ್ಲೇಶನೂ ತನ್ನದನ್ನು ಹೊಡೆದ.

ಪುಸ್ತಕ ಕರಿಬಸಪ್ಪನ ಮುಂದೆ ಬಂತು. ಆತ ಎರಡನೆಯ ಸಲ ನೀರು ಕುಡಿದ.

“ನಾ ಬರದ್ರ ಅದು ದಾಖಲಿ ಅಕ್ಕೈತ್ರಿ.”

“ಮಕ್ಕಳು ಬರೀತಾವ್ರಿ ಸರ” ಅಂದಳು ಮಾರೆವ್ವ. “ನಾ ಹನ್ನೊಂದು ವರ್ಷದಾಕಿ ಇದ್ದಾಗ ಬರದೀನಿ.”

ಆತ ಬರೆಯಲಿಲ್ಲ. ಪುಟದಲ್ಲಿ ಆತನ ಜಾಗ ಇವತ್ತಿಗೂ ಖಾಲಿ ಇದೆ, ಮೇಲೆ ಹೆಸರು ಮಾತ್ರ ಕಳಕಮ್ಮ ಬರೆದಿದ್ದಾಳೆ. ಆದರೆ ಸೋಮವಾರದ ಬಿಡುಗಡೆ ನಡೆಯಲಿಲ್ಲ. ಬ್ಯಾನರನ್ನು ಏನು ಮಾಡಿದರೋ ಗೊತ್ತಿಲ್ಲ.

ಇಷ್ಟಕ್ಕೆ ಮುಗಿದಿದ್ದರೆ ಗೆದ್ದೆವು ಎನ್ನಬಹುದಿತ್ತು. ವಿಡಿಯೋ ಮಾತ್ರ ಆನ್‌ಲೈನಿನಲ್ಲಿ ಹಾಗೇ ಇತ್ತು, ನೋಡಿದವರ ಸಂಖ್ಯೆ ಏರುತ್ತಲೇ ಇತ್ತು. ಕಳಕಮ್ಮ ಬೆಳಗುದಾರಿಯವರಿಗೆ ಮೂರು ಇಮೇಲ್ ಬರೆದಳು. ಹದಿನೈದು ದಿನಕ್ಕೆ ಉತ್ತರ ಬಂತು. ಅಮೂಲ್ಯ ಅಭಿಪ್ರಾಯಕ್ಕೆ ಧನ್ಯವಾದಗಳು, ಪಾಲಕರ ಗೌರವವನ್ನು ಕಾಪಾಡಲು ನಾವು ಬದ್ಧರು, ಆದ್ದರಿಂದ ಸದರಿ ಮಹಿಳೆಯ ಮುಖವನ್ನು ಮಸುಕುಗೊಳಿಸಲಾಗಿದೆ ಎಂದಿತ್ತು.

ಮಧ್ಯಾಹ್ನದ ಊಟದ ಗಂಟೆ ಹೊಡೆದ ಕೂಡಲೇ ಕಳಕಮ್ಮ ಮಾರೆವ್ವನ ಮನೆಗೆ ಹೋದಳು. ರಂಜಿತಾ ಹಿಂದೆಯೇ ಬಂದಳು. ಮೂವರೂ ಕಟ್ಟೆಯ ಮೇಲೆ ಕೂತು ನೋಡಿದರು. ನೀಲಿ ಗೋಡೆ ಇತ್ತು, ಪುಸ್ತಕವಿತ್ತು, ತಜ್ಞರ ತಂಡವಿತ್ತು. ಮೇವಿನ ಹೊರೆ ಎಳೆಯೆಳೆಯಾಗಿ ಸ್ಪಷ್ಟವಾಗಿತ್ತು. ಅದರ ಕೆಳಗೆ ಮುಖವಿರಬೇಕಾದಲ್ಲಿ ಕಲಸಿದ ಬೂದಿ ಬಣ್ಣ. ಇಂಪಾದ ದನಿ ಮೊದಲಿನ ಮಾತನ್ನೇ ಒಂದಕ್ಷರ ಬಿಡದೆ ಹೇಳಿತು.

ಮಾರೆವ್ವನ ಹುಬ್ಬು ಗಂಟಿಕ್ಕಿತು.

“ನನ್ನ ಮಾರಿ ಏನ್ ತಪ್ಪು ಮಾಡಿತ್ರಿ ಅಕ್ಕೋರ, ಅದನ್ನ ಅಳಿಸ್ಯಾರ?” ಅಂದಳು. “ಮಾರಿ ಇರಲಿ ಅನ್ರಿ. ಆ ಮಾತು ಅಳಿಸ್ಲಿ. ಪುಸ್ತಕದ ಮ್ಯಾಲೆ ನನ್ನ ಹೆಸರು ಹಾಕ್ಲಿ. ನಾ ಕೇಳಿದ್ದನ್ನ ಪೂರಾ ಓದ್ಲಿ.”

ಕಳಕಮ್ಮ ಒಂದು ಪದವನ್ನೂ ತಿದ್ದದೆ, ಅವಳು ಹೇಳಿದ ಹಾಗೆಯೇ ಫೋನಿನಲ್ಲಿ ಉತ್ತರ ಬರೆದಳು. ಕೆಳಗೆ ತನ್ನ ಹೆಸರು, ಶಾಲೆಯ ಹೆಸರು ಹಾಕಲು ಹೊರಟವಳು ಕೈ ತಡೆದು, “ಯಾರ ಹೆಸರು ಹಾಕ್ಲಿ?” ಎಂದು ಕೇಳಿದಳು.

ಮಾರೆವ್ವ ಫೋನು ಇಸಿದುಕೊಂಡಳು. ಒಂದೊಂದೇ ಅಕ್ಷರ ಹುಡುಕಿ ಒತ್ತಿ ತನ್ನ ಹೆಸರನ್ನು ತಾನೇ ಹಾಕಿದಳು. ಮುಂದೆ ಏನು ಒತ್ತಬೇಕೆಂದು ರಂಜಿತಾ ತೋರಿಸಿದಳು.